ಮೂರು ಮಿಲಿಮೀಟರ್ ಸಂದು

ಹೊಸ ಮೌಂಟನ್ ಬೈಕಿನ ಫ್ರೇಮಿಗೆ ಹಳೇ ಹಿಂಚಕ್ರ ಹಾಕಲು ಹೋದೆ. ಕೂರಲಿಲ್ಲ. ಎಡಕ್ಕೆ ಮೂರು ಮಿಲಿಮೀಟರ್ ಸಂದು, ಬಲಕ್ಕೆ ಮೂರು. ಚಕ್ರದ ನಡುವಿನ ಹಬ್ಬಿನ ಅಗಲ 142 ಮಿಲಿಮೀಟರ್, ಫ್ರೇಮಿನಲ್ಲಿ ಅದಕ್ಕಿರುವ ಜಾಗ 148. ಚಕ್ರಕ್ಕೆ ಏನೂ ಆಗಿರಲಿಲ್ಲ. ಬೆಂಡ್ ತೆಗೆದು, ಬೇರಿಂಗ್ ಬದಲಿಸಿ ಇನ್ನೂ ತಿಂಗಳಾಗಿರಲಿಲ್ಲ.

ಎರಡೂ ಕಡೆ ಒಂದೊಂದು ಬಿಲ್ಲೆ ಇಟ್ಟರೆ ಮುಗಿಯಿತಲ್ಲ ಅಂದುಕೊಂಡೆ. ಇಟ್ಟೆ. ಚಕ್ರವೇನೋ ನಿಂತಿತು, ಆದರೆ ಬ್ರೇಕಿನ ಡಿಸ್ಕ್ ಮೂರು ಮಿಲಿಮೀಟರ್ ಒಳಗೇ ಉಳಿದು, ಅದನ್ನು ಹಿಡಿಯುವ ಕ್ಯಾಲಿಪರ್‌ಗೆ ಉಜ್ಜತೊಡಗಿತು. ಸರಿ, ಡಿಸ್ಕಿಗೂ ಒಂದು ಬಿಲ್ಲೆ. ಆಗ ಅದರ ಆರು ಬೋಲ್ಟುಗಳೂ ಗಿಡ್ಡವಾದವು, ಉದ್ದದ್ದು ತರಿಸಬೇಕು. ಹಿಂಚಕ್ರದ ಹಲ್ಲುಚಕ್ರಗಳ ಗೊಂಚಲು, ಅಂದರೆ ಕ್ಯಾಸೆಟ್ಟೂ ಒಳಗೆ ಸರಿದಿದ್ದರಿಂದ ಗೇರನ್ನು ಮೊದಲಿಂದ ಹೊಂದಿಸಬೇಕು. ಸಂಜೆ ಸವಾರಿ ಹೋಗೋಣ ಅಂದುಕೊಂಡಿದ್ದವನು ಕತ್ತಲಾಗುವವರೆಗೆ ಅಲೆನ್ ಕೀ ಹಿಡಿದು ಕೂತಿದ್ದೆ.

ಕರ್ನಾಟಕ ಬಿಟ್ಟು ಹೊರಗೆ ಬದುಕುವವರಿಗೆ ಅಡಾಪ್ಟರ್ ಹೊಸದೇನಲ್ಲ. ಚಾರ್ಜರಿನ ಪಿನ್ನು ಒಂದು ದೇಶದಲ್ಲಿ ದುಂಡಗೆ, ಇನ್ನೊಂದರಲ್ಲಿ ಚಪ್ಪಟೆ ಅಂತ ಸುಮ್ನೆ ಒಪ್ಪಿಕೊಂಡುಬಿಟ್ಟಿದ್ದೇವೆ. ಆದರೆ ಮೌಂಟನ್ ಬೈಕಿನದು ದೇಶದಿಂದ ದೇಶಕ್ಕೆ ಇರುವ ವ್ಯತ್ಯಾಸವಲ್ಲ. ಒಂದೇ ಮನೆಯ ಎರಡು ಸೈಕಲ್ಲುಗಳ ನಡುವಿನದು!

ನಾನು ಒಳಪೆಡಲು ತುಳಿದು ಕಲಿತದ್ದು ಕಪ್ಪು ಬಣ್ಣದ, ಕಂಬಿ ಬ್ರೇಕಿನ 28 ಇಂಚಿನ ಸೈಕಲ್ಲಿನಲ್ಲಿ. ಅದರ ರಿಮ್ಮಿನ ಅಳತೆ 635 ಮಿಲಿಮೀಟರ್, ಯಾರದೇ ಆಗಿರಲಿ. ಒಬ್ಬರ ಚಕ್ರ ಬಿಚ್ಚಿ ಇನ್ನೊಬ್ಬರ ಸೈಕಲ್ಲಿಗೆ ಹಾಕಿದರೆ ಓಡುತ್ತಿತ್ತು. ಹಾಗಂತ ಅದೇ ಚೆಂದ ಅಂತ ನಾನು ಹೇಳುವುದಿಲ್ಲ. ಮಳೆಯಲ್ಲಿ ಅದರ ಬ್ರೇಕ್ ಹಿಡಿಯುತ್ತಿರಲಿಲ್ಲ. ಬಂಡೆ ಇರುವ ಇಳಿಜಾರಿಗೆ ಅದನ್ನು ಒಯ್ದರೆ ಮೊದಲು ಸೈಕಲ್ಲು, ಆಮೇಲೆ ನಾನು ಬೇರೆ ಬೇರೆಯಾಗಿ ಕೆಳಗೆ ಸೇರುತ್ತಿದ್ದೆವು. ಚಕ್ರವನ್ನು ಸಣ್ಣ ಸರಳಿನಿಂದ ಬಿಗಿಯುವ ಕ್ವಿಕ್ ರಿಲೀಸ್ ಹೋಗಿ, ಫ್ರೇಮಿಗೇ ತಿರುಗಿಸಿ ಕೂರಿಸುವ ದಪ್ಪ ಅಚ್ಚು ಥ್ರೂ ಆಕ್ಸಲ್ ಬಂದದ್ದು ನಿಜವಾದ ಸುಧಾರಣೆ. ಅಳತೆ ಬದಲಾದದ್ದಕ್ಕೆ ನನ್ನ ಜಗಳವಿಲ್ಲ. ಯಾಕೆ ಬದಲಾಯಿತು, ಯಾರಿಗಾಗಿ ಬದಲಾಯಿತು ಅನ್ನೋದರ ಬಗ್ಗೆ ಇದೆ.

ಚಕ್ರವನ್ನೇ ನೋಡಿ. 26 ಇಂಚಿನ ರಿಮ್ 559 ಮಿಲಿಮೀಟರ್, 27.5 ಅಂದರೆ 584, 29 ಅಂದರೆ 622. ಹೆಸರು ಕೇಳಿದರೆ 27.5 ಸರಿಯಾಗಿ ನಡುವೆ ಇದ್ದ ಹಾಗೆ ಅನ್ನಿಸುತ್ತೆ, ಅಲ್ವಾ? ಕಳೆದು ನೋಡಿ. 26ಕ್ಕಿಂತ ಬರೀ 25 ಮಿಲಿಮೀಟರ್ ದೊಡ್ಡದು, 29ಕ್ಕಿಂತ 38 ಚಿಕ್ಕದು. ಅದು ಹೊಸದೂ ಅಲ್ಲ, ಹಳೇ ಫ್ರೆಂಚ್ 650ಬಿ. 29 ಅನ್ನುವುದೂ ರಸ್ತೆ ಸೈಕಲ್ಲಿನ 700ಸಿ ರಿಮ್ಮೇ, ದಪ್ಪ ಟೈರ್ ತೊಟ್ಟುಕೊಂಡಿದೆ ಅಷ್ಟೇ. ಆದರೂ ದೊಡ್ಡ ಚಕ್ರ ಕಲ್ಲುಬೇರಿನ ಮೇಲೆ ಸಲೀಸಾಗಿ ಉರುಳುತ್ತದೆ ಅನ್ನುವುದು ಸುಳ್ಳಲ್ಲ. 2012ರ ಲಂಡನ್ ಒಲಿಂಪಿಕ್ಸ್‌ನ ಮೌಂಟನ್ ಬೈಕ್ ಕ್ರಾಸ್ ಕಂಟ್ರಿ ರೇಸಿನಲ್ಲಿ ಯಾರೊಸ್ಲಾವ್ ಕುಲ್ಹಾವಿ 29ರಲ್ಲಿ ಚಿನ್ನ ಗೆದ್ದರು. 27.5 ಓಡಿಸಿದ ನಿನೊ ಶುರ್ಟರ್‌ಗೆ ಬೆಳ್ಳಿ. ಅದೇ ಶುರ್ಟರ್ 2016ರಲ್ಲಿ ರಿಯೊದಲ್ಲಿ 29 ಹತ್ತಿ ಚಿನ್ನ ತಂದರು. ಕ್ರಾಸ್ ಕಂಟ್ರಿಯ ಮಟ್ಟಿಗೆ ಆ ವಾದ ಅಲ್ಲಿಗೆ ಮುಗಿಯಿತು. ಆಮೇಲೆ ಮುಂದೆ 29, ಹಿಂದೆ 27.5 ಹಾಕುವ ಮಲ್ಲೆಟ್ ಬಂತು. 2019ರಿಂದ ರೇಸಿನಲ್ಲೂ ಅದಕ್ಕೆ ಒಪ್ಪಿಗೆ ಸಿಕ್ಕಿತು.

ನನ್ನ ಸಂಜೆ ಹಾಳುಮಾಡಿದ 148ಕ್ಕೂ ಈ ದೊಡ್ಡ ಚಕ್ರವೇ ಕಾರಣ. ಚಕ್ರ ದೊಡ್ಡದಾದರೆ ಕಡ್ಡಿ ಉದ್ದವಾಗುತ್ತದೆ, ಚಕ್ರ ಪಕ್ಕಕ್ಕೆ ಬಾಗುವುದು ಜಾಸ್ತಿ. ಕಡ್ಡಿ ಸಿಕ್ಕಿಸುವ ಹಬ್ಬಿನ ಅಂಚುಗಳನ್ನು ಮೂರು ಮೂರು ಮಿಲಿಮೀಟರ್ ಹೊರಗೆ ಸರಿಸಿದರೆ ಬಿಗಿ ಬರುತ್ತದೆ. 2014ರಲ್ಲಿ ಸೈಕಲ್ ಕಂಪನಿ ಟ್ರೆಕ್ ಮತ್ತು ಬಿಡಿಭಾಗ ಮಾಡುವ ಸ್ರ್ಯಾಮ್ ಇದನ್ನು ಬೂಸ್ಟ್ ಅನ್ನುವ ಹೆಸರಲ್ಲಿ ತಂದವು. ಲೆಕ್ಕ ಸರಿಯಾಗಿಯೇ ಇದೆ. ಆದರೆ ಇಳಿಜಾರಿಗೆಂದೇ ಮಾಡಿದ ಡೌನ್‌ಹಿಲ್ ಸೈಕಲ್ಲುಗಳಲ್ಲಿ 150, 157ರ ಅಗಲ ಆಗಲೇ ಇತ್ತಲ್ಲ! ಅಷ್ಟು ಅಗಲ ಮಾಡಿದರೆ ಪೆಡಲುಗಳೂ ದೂರ ಹೋಗುತ್ತವೆ ಅಂತ 148ಕ್ಕೆ ನಿಂತರು. ಕೆಲವೇ ವರ್ಷದಲ್ಲಿ 157 ಸೂಪರ್ ಬೂಸ್ಟ್ ಅಂತ ಹೊಸ ಹೆಸರು ಹೊತ್ತು ವಾಪಸ್ ಬಂತು.

ಪೆಡಲಿನ ಅಚ್ಚು ತಿರುಗುವ ಬೇರಿಂಗ್, ಅಂದರೆ ಬಾಟಮ್ ಬ್ರಾಕೆಟ್ಟಿನದು ಇನ್ನೂ ಮಜಾ. ತಿರುಗಿಸಿ ಕೂರಿಸುವ ಮರೆ (ಥ್ರೆಡ್) ಇದ್ದ ಜಾಗದಲ್ಲಿ ಒತ್ತಿ ಕೂರಿಸುವ ಪ್ರೆಸ್‌ಫಿಟ್ ತಂದರು. ಕಿರ್ ಕಿರ್ ಅನ್ನೋ ಸದ್ದು ಕೇಳಿ ಕೇಳಿ ಎಷ್ಟೋ ತಯಾರಕರು ಮತ್ತೆ ಮರೆಗೇ ಮರಳಿದರು. ಹ್ಯಾಂಡಲ್‌ಬಾರಿನ ದಪ್ಪ 31.8 ಮಿಲಿಮೀಟರ್ ಇದ್ದದ್ದು 35 ಆಯಿತು. ಯಾಕೆ ಅಂತ ನನಗೆ ಇನ್ನೂ ಅರ್ಥವಾಗಿಲ್ಲ.

ಹಾಗಾದರೆ ಮುಂದೆ ಯಾವುದು ಉಳಿಯುತ್ತದೆ? ಚೆನ್ನಾಗಿದೆ ಅನ್ನಿಸಿಕೊಂಡದ್ದಕ್ಕಿಂತ ಪುಕ್ಕಟೆ ಹಂಚಿದ್ದು ಗೆಲ್ಲುತ್ತದೆ ಅನ್ನೋದು ನನ್ನ ಅಂದಾಜು. ಯುಡಿಎಚ್ ನೋಡಿ, ಅಂದರೆ ಎಲ್ಲ ಫ್ರೇಮಿಗೂ ಒಂದೇ ಆದ ಯೂನಿವರ್ಸಲ್ ಡಿರೇಲರ್ ಹ್ಯಾಂಗರ್. ಅದಕ್ಕೂ ಮುಂಚೆ ಒಂದೊಂದು ಫ್ರೇಮಿಗೂ ಗೇರು ಬದಲಿಸುವ ಡಿರೇಲರನ್ನು ತೂಗುಹಾಕುವ ಹ್ಯಾಂಗರ್ ಒಂದೊಂದು ಆಕಾರದ್ದು. ಸವಾರಿಯಲ್ಲಿ ಅದು ಮುರಿದು, ಬ್ಯಾಗಿನಲ್ಲಿ ಅದೇ ಆಕಾರದ್ದು ಇಲ್ಲದಿದ್ದರೆ ನಡೆದೇ ಮನೆ ಸೇರಬೇಕಿತ್ತು. 2019ರಲ್ಲಿ ಸ್ರ್ಯಾಮ್ ಒಂದು ಅಳತೆ ಮಾಡಿ, ಫ್ರೇಮ್ ಮಾಡುವ ಯಾರು ಬೇಕಾದರೂ ದುಡ್ಡು ಕೊಡದೆ ಬಳಸಿ ಅಂದಿತು. ಬಹಳಷ್ಟು ಜನ ಬಳಸಿದರು. 2023ರಲ್ಲಿ ಗುಟ್ಟು ಹೊರಬಿತ್ತು. ಆ ಹ್ಯಾಂಗರನ್ನೇ ತೆಗೆದುಹಾಕಿ ನೇರ ಫ್ರೇಮಿಗೆ ಬಿಗಿಯುವ ಡಿರೇಲರನ್ನು ಅದೇ ಕಂಪನಿ ಮಾರುಕಟ್ಟೆಗೆ ಬಿಟ್ಟಿತು. ನಾಲ್ಕು ವರ್ಷದಿಂದ ಊರೆಲ್ಲ ಅದಕ್ಕೇ ಜಾಗ ಮಾಡಿಕೊಟ್ಟಿತ್ತು. ಜಾಣತನ ಅಂದರೆ ಇದು. ಆದರೂ ನಾನು ಬೈಯುವುದಿಲ್ಲ. ಬೇರೆ ಕಂಪನಿಯ ಡಿರೇಲರ್ ಹಾಕುವ ನನಗೂ ಒಂದೇ ಹ್ಯಾಂಗರ್ ಬ್ಯಾಗಿನಲ್ಲಿಟ್ಟರೆ ಸಾಕಾಗಿದೆ.

ಆದ್ದರಿಂದ ಫ್ರೇಮಿನ ಹಿಂಭಾಗ 148 ಮತ್ತು ಯುಡಿಎಚ್ ಸುತ್ತ ನೆಲೆ ನಿಲ್ಲುತ್ತದೆ ಅನ್ನಿಸುತ್ತದೆ. ಚಕ್ರ ಮಾತ್ರ ನಿಲ್ಲುವ ಹಾಗಿಲ್ಲ. 2025ರಲ್ಲಿ 32 ಇಂಚಿನ ಮಾದರಿಗಳು ಕಾಣಿಸಿಕೊಂಡವು. ರಿಮ್ 686, ಅಂದರೆ 29ಕ್ಕಿಂತ 64 ಮಿಲಿಮೀಟರ್ ಜಾಸ್ತಿ. ಹಿಂದಿನ ಎರಡು ಜಿಗಿತ ಸೇರಿಸಿದರೂ ಅಷ್ಟಾಗುವುದಿಲ್ಲ. ಫೋರ್ಕ್, ಫ್ರೇಮ್, ಟೈರ್ ಎಲ್ಲ ಹೊಸದಾಗಿ ಮಾಡಬೇಕು. ಗಿಡ್ಡಗಿರುವ ನನ್ನಂಥವರು ಅದರ ಮೇಲೆ ಕೂತರೆ ಹ್ಯಾಂಡಲ್ ಎದೆಗೆ ಬರುತ್ತೋ ಏನೋ. ರೇಸಿನಲ್ಲಿ ಒಬ್ಬರು ಗೆದ್ದರೆ ಸಾಕು, ಎರಡೇ ವರ್ಷದಲ್ಲಿ 29 ಹಳೇ ಕಾಲದ್ದು ಅನ್ನಿಸಿಕೊಳ್ಳುತ್ತದೆ.

ಇಷ್ಟೆಲ್ಲ ಗಲಾಟೆಯ ನಡುವೆ ಎರಡು ಅಳತೆಗಳನ್ನು ಯಾರೂ ಮುಟ್ಟಿಲ್ಲ. ಚೈನಿನ ಒಂದು ಪಿನ್ನಿನಿಂದ ಇನ್ನೊಂದಕ್ಕೆ ಅರ್ಧ ಇಂಚು. ಪೆಡಲಿನ ಮರೆ ಒಂಬತ್ತು ಹದಿನಾರಾಂಶ ಇಂಚು, ಎಡಗಡೆಯದು ಉಲ್ಟಾ ತಿರುಗುತ್ತದೆ. ಆ ಸಂಜೆ ಕೊನೆಗೆ ಚಕ್ರದ ಆಸೆ ಬಿಟ್ಟು, ಹಳೇ ಸೈಕಲ್ಲಿನ ಪೆಡಲುಗಳನ್ನು ಬಿಚ್ಚಿ ಹೊಸದಕ್ಕೆ ಹಾಕಿದೆ. ಎರಡು ಹನಿ ಗ್ರೀಸ್ ಸವರಿ ಬೆರಳಲ್ಲೇ ತಿರುಗಿಸಿದರೆ ಕೊನೆಯವರೆಗೂ ಹೋಯಿತು.