ಗೋಡೆಗೆ ಮುಖ ಮಾಡಿದ ಊರು

ರಾಯಚೂರಿನ ಕೋಟೆಗೆ ದಾರಿ ಕೇಳಬೇಕಾಗಿಲ್ಲ. ಬಸ್ ನಿಲ್ದಾಣದಲ್ಲಿ ಇಳಿದು ಮೂಗು ತೋರಿಸಿದ ಕಡೆ ನಡೆದರೆ ಸಾಕು, ಗೋಡೆ ಸಿಗುತ್ತದೆ. ಬೆಂಗಳೂರಿನಿಂದ ಮದುವೆಗೆ ಬಂದಿದ್ದ ನನ್ನ ಸೋದರಳಿಯ, ಗೋಡೆಗೆ ಮುಖ ಮಾಡಿ ನಿಂತವರ ಸಾಲನ್ನು ಕಂಡು ಬೆರಗಾದ. "ಮಾಮಾ, ಇಷ್ಟು ಜನ ಶಾಸನ ಓದುತ್ತಿದ್ದಾರೆಯೇ?"

"ಹೌದಪ್ಪ, ನಮ್ಮ ಊರಿಗೆ ಇತಿಹಾಸದ ಹುಚ್ಚು" ಎಂದೆ. ಮದುವೆಯ ಮನೆಯವನ ಮುಂದೆ ಊರಿನ ಮರ್ಯಾದೆ ಕಳೆಯಬಾರದಲ್ಲ!

ಶಾಸನವೇನೋ ಇದೆ. 1294ರಲ್ಲಿ, ಕಾಕತೀಯರ ಕಾಲದಲ್ಲಿ, ವಿಠ್ಠಲನೆಂಬ ದಂಡನಾಯಕ ಕೋಟೆ ಕಟ್ಟಿಸಿದ್ದನ್ನು ಹೇಳುವ ಸುಮಾರು 41 ಅಡಿ ಉದ್ದದ ಒಂದೇ ಕಲ್ಲು. ಅದನ್ನು ಹೇಗೆ ತಂದರೆಂದು ಚಿತ್ರ ಬೇರೆ ಕೆತ್ತಿದ್ದಾರೆ. ಬಂಡಿಯ ಮೇಲೆ ಕಲ್ಲು, ಮುಂದೆ ಕೋಣಗಳ ಉದ್ದನೆಯ ಸಾಲು, ಹಿಂದೆ ಗಾಲಿಗೆ ಸನ್ನೆಗೋಲು ಕೊಟ್ಟು ನೂಕುವ ಆಳುಗಳು. ಬಿಲ್ಲಿಗೆ ಕಾಮಗಾರಿಯ ಫೋಟೊ ಲಗತ್ತಿಸುವ ಪದ್ಧತಿ ನಮ್ಮಲ್ಲೇ ಹುಟ್ಟಿರಬೇಕು. ವ್ಯತ್ಯಾಸ ಇಷ್ಟೇ, ಆಗ ಕಲ್ಲು ನಿಜವಾಗಿಯೂ ಬಂದಿತ್ತು. ಇನ್ನೊಂದು ಮಾತು: ಎಳೆದ ಕೋಣಗಳಿಗೂ ಚಿತ್ರದಲ್ಲಿ ಜಾಗ ಕೊಟ್ಟಿದ್ದಾರೆ. ಇಂದಿನ ಶಂಕುಸ್ಥಾಪನೆಯ ಫ್ಲೆಕ್ಸಿನಲ್ಲಿ ಹನ್ನೆರಡು ಮುಖಗಳಿರುತ್ತವೆ, ಕಲ್ಲು ಹೊತ್ತವನದು ಒಂದೂ ಇರುವುದಿಲ್ಲ.

ಅಳಿಯನಿಗೆ ಯುದ್ಧದ ಕಥೆ ಬೇಕಂತೆ. ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿ ಈ ಕೋಟೆ ಹಿಡಿದದ್ದು 1520ರಲ್ಲಿ, ಪೋರ್ಚುಗೀಸ್ ಕೋವಿಕಾರರ ನೆರವೂ ಇತ್ತು, ಎಂದೆಲ್ಲ ಹೇಳಿದೆ. ನನಗೆ ತಲೆ ಕೆಡುವುದು ಬೇರೆ ಸಂಗತಿಗೆ. ಕಾಳಗ ನಡೆದದ್ದು ಮೇ ತಿಂಗಳಲ್ಲಿ. ರಾಯಚೂರು ಸೀಮೆಯಲ್ಲಿ, ಮೇ ತಿಂಗಳಲ್ಲಿ, ಕಬ್ಬಿಣದ ಕವಚ ತೊಟ್ಟು! ನಾವು ಆ ತಿಂಗಳು ಮೊಸರು ತರಲು ಬೀದಿಯ ತುದಿಗೆ ಹೋಗುವುದಕ್ಕೂ ಮನೆಯಲ್ಲಿ ಪಂಚಾಯಿತಿ ಸೇರಿಸುತ್ತೇವೆ. ಅವರು ದಿನವಿಡೀ ಕತ್ತಿ ಬೀಸಿದರು. ಗೆದ್ದವರು ಮೊದಲು ಕೋಟೆ ಕೇಳಿದರೋ ಮಜ್ಜಿಗೆ ಕೇಳಿದರೋ ಎಂಬುದನ್ನು ಇತಿಹಾಸಕಾರರು ಇನ್ನೂ ವಿಚಾರಿಸಿಲ್ಲ.

ಮಿರ್ಚಿ, ಮಂಡಾಳು ಒಗ್ಗರಣೆ ತಿಂದು ಏಕ್ ಮಿನಾರ್ ಮಸೀದಿಗೆ ಹೋದೆವು. 1513ರಿಂದ ಒಂಟಿಯಾಗಿ ನಿಂತ ಮಿನಾರು. ಈಗ ಊರಿನ ಮೊಬೈಲ್ ಟವರುಗಳು ಜೊತೆಗಿವೆ, ಬೇಸರವಿಲ್ಲ.

ಸಂರಕ್ಷಿತ ಸ್ಮಾರಕವನ್ನು ಕೆಡಿಸಿದವರಿಗೆ ಕೇಂದ್ರದ ಕಾಯ್ದೆಯಲ್ಲಿ 2 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿವರೆಗೆ ದಂಡವಿದೆ. ಗೋಡೆಯ ಮುಂದಿನ ಸಾಲಿನಿಂದ ಒಂದು ವಾರ ದಂಡ ವಸೂಲಿ ಮಾಡಿದರೆ ಇನ್ನೊಂದು ಕೋಟೆಯನ್ನೇ ಕಟ್ಟಬಹುದು. ಆದರೆ ಆ ಸಾಲಿನವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಸಿಂಧನೂರಿನಿಂದಲೋ ದೇವದುರ್ಗದಿಂದಲೋ ಎರಡು ಮೂರು ತಾಸು ಬಸ್ಸಿನಲ್ಲಿ ಕುಳಿತು ಬಂದವನು ಎಲ್ಲಿಗೆ ಹೋಗಬೇಕು? ನೀರು ಬರುವ, ಬಾಗಿಲಿಗೆ ಚಿಲಕವಿರುವ ಶೌಚಾಲಯ ಕಟ್ಟುವುದಕ್ಕೆ ಕೋಣಗಳ ಸಾಲು ಬೇಡ. ನಲ್ಲಿ ಬೇಕು, ತೊಳೆಯುವವರಿಗೆ ತಿಂಗಳು ತಿಂಗಳು ಸಂಬಳ ಬೇಕು. ಅಷ್ಟನ್ನೂ ಮಾಡದೆ ಗೋಡೆಯ ಮೇಲೆ ದೇವರ ಚಿತ್ರ ಅಂಟಿಸುತ್ತಾರೆ. ಗಂಡಸರಿಗಾದರೂ ಗೋಡೆಯಿದೆ. ಅದೇ ಬಸ್ಸಿನಿಂದ ಇಳಿದ ಹೆಂಗಸು ಊರಿನಲ್ಲಿರುವಷ್ಟು ಹೊತ್ತೂ ನೀರು ಕುಡಿಯದೆ ಇರುತ್ತಾಳೆ. ಈ ಬಿಸಿಲಿನಲ್ಲಿ.

ಸಂಜೆ ಅಳಿಯ ಗೋಡೆಯ ಕೊನೆಯ ಫೋಟೊ ತೆಗೆಯುತ್ತೇನೆಂದು ಮೊಬೈಲ್ ಹಿಡಿದು ನಿಂತ. ಕಲ್ಲಿಗೆ ಹತ್ತಿರವಾಗಿ, ತುಸು ಹೆಚ್ಚು ಹೊತ್ತೇ ನಿಂತ. ಹಿಂದಿನಿಂದ ಯಾರೋ ಕೆಮ್ಮಿದರು.

"ತಮ್ಮಾ, ನಿನ್ನದು ಆಯಿತೇ? ನನಗೆ ಬಸ್ಸಿದೆ."