ಪ ಅಂದ್ರೆ ಎಷ್ಟು ಪ್ಯಾಕೆಟ್?

ನನ್ನ ಪೇಟಿಗೂ ಹಾಲಿನ ಪ್ಯಾಕೆಟ್ಟಿಗೂ ಆಗಿಬರುವುದಿಲ್ಲ. ಬೆಳಿಗ್ಗೆ ಆರೂವರೆಗೆ ದಾವಣಗೆರೆ ನಿಟ್ಟುವಳ್ಳಿಯ ನಮ್ಮ ಮನೆಯಲ್ಲಿ ನಾನು ಚಾಪೆ ಹಾಸಿ ಹಾರ್ಮೋನಿಯಂ ಮುಂದೆ ಕೂರುತ್ತೇನೆ. ಸರಿಯಾಗಿ ಅದೇ ಹೊತ್ತಿಗೆ ನನ್ನ ಹೆಂಡತಿ ಕೈಚೀಲ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾಳೆ. ಮೊನ್ನೆ ಭೂಪ ನುಡಿಸುತ್ತಿದ್ದೆ. ಸ ರಿ ಗ ಪ ದ, ಐದೇ ಸ್ವರ. ನನ್ನಂಥ ತಡವಾಗಿ ಕಲಿತವರಿಗೆ ಅಂತಲೇ ಮಾಡಿಟ್ಟ ರಾಗ. ಅದು ಸಂಜೆಯ ರಾಗ, ಗೊತ್ತು. ಸಂಜೆ ನನಗೆ ಪುರುಸೊತ್ತಿಲ್ಲ.

"ರೀ, ಇವತ್ತು ಎಷ್ಟು ಪ್ಯಾಕೆಟ್ ತರ್ಲಿ?"

"ಪ" ಅಂದೆ.

ಹೇಳಬೇಕು ಅಂದುಕೊಂಡಿದ್ದು ಎರಡು ಅಂತ. ಬೆರಳು ಪಂಚಮದ ಮೇಲಿತ್ತು, ಬಾಯಿಗೂ ಅದೇ ಬಂತು.

"ಪ ಅಂದ್ರೆ ಎಷ್ಟ್ರೀ?"

ಸರಿಮಾಡೋಣ ಅಂತ ಬಾಯಿ ತೆರೆದೆ. ಎಡಗೈ ತಿದಿ ಒತ್ತುವುದನ್ನೇ ಮರೆಯಿತು. ಪೇಟಿ ಒಂದು ಸಲ ನರಳಿ ಉಸಿರು ಬಿಟ್ಟಿತು. ಅಷ್ಟರಲ್ಲಿ ಗೇಟಿನ ಸದ್ದಾಯಿತು. ಆಕೆ ತಂದಿದ್ದು ಐದು ಪ್ಯಾಕೆಟ್. "ಪಂಚಮ ಅಂದ್ರೆ ಐದನೇದು ಅಂತ ನೀವೇ ಹೇಳಿದ್ರಲ್ಲ" ಅಂತ ಸಮರ್ಥನೆ ಬೇರೆ. ಎರಡು ದಿನ ಮನೆಯಲ್ಲಿ ಮೊಸರೋ ಮೊಸರು.

ನನಗೆ ಆಶ್ಚರ್ಯವಾಗುವುದು ಏನಂದ್ರೆ, ಇದೇ ನಾನು ಸೋಮವಾರದ ಭಜನೆಯಲ್ಲಿ ಪೇಟಿ ನುಡಿಸುತ್ತಾ ಗಂಟಲು ಹರಿಯುವ ಹಾಗೆ ಹಾಡುತ್ತೇನೆ. ಐದೈದು ನುಡಿಯ ಪದಗಳು. ಒಂದಕ್ಷರ ತಪ್ಪುವುದಿಲ್ಲ. ಬಾಯಿ ಅದೇ, ಕೈ ಅದೇ, ಪೇಟಿಯೂ ಅದೇ. ಅಷ್ಟೆಲ್ಲ ಹಾಡುವವನಿಗೆ "ಎರಡು" ಅನ್ನುವ ಮೂರಕ್ಷರ ಹೇಳಲಿಕ್ಕೆ ಏನು ಧಾಡಿ?

ಮಗ ಇಂಜಿನಿಯರಿಂಗ್ ಓದುತ್ತಾನೆ. ಅವನಿಗೆ ಯಾವುದಾದರೂ ಟೆಸ್ಟ್ ಮಾಡಿಯೇ ನೋಡಬೇಕು. ಭಾನುವಾರ ಎದುರು ಕೂತು, "ಅಪ್ಪಾಜಿ, ನೀವು ನುಡಿಸ್ತಾ ಇರಿ, ನಾನು ಕೇಳ್ತಾ ಹೋಗ್ತೀನಿ" ಅಂದ. ಹೂಂ, ಊಹೂಂ ಅನ್ನುವುದಕ್ಕೆ ಏನೂ ಕಷ್ಟವಾಗಲಿಲ್ಲ. ಒಂದರಿಂದ ಐವತ್ತರವರೆಗೆ ಎಣಿಸಿದೆ, ಸಲೀಸು. ಎರಡರ ಮಗ್ಗಿ ಹೇಳಿದಾಗಲಂತೂ ಪೇಟಿಗೇ ಹುರುಪು ಬಂತು. ಹದಿಮೂರರ ಮಗ್ಗಿಗೆ ಬಂದಾಗ ಹದಿಮೂರ್ ನಾಲ್ಕ್ಲಿ ಹತ್ತಿರ ಬೆರಳು ತಡವರಿಸಿತು. ಕೊನೆಗೆ ಅವನು ಕೇಳಿದ್ದು ಇಷ್ಟೇ: "ನಿನ್ನೆ ಬೆಳಿಗ್ಗೆ ತಿಂಡಿಗೆ ಏನು ತಿಂದ್ರಿ?" ಅಲ್ಲಿಗೆ ಎಲ್ಲ ಮುಗಿಯಿತು. ಉಪ್ಪಿಟ್ಟು ಅಂತ ಹೇಳುವುದರೊಳಗೆ ತಾಳ ಎಲ್ಲೋ, ನಾನು ಎಲ್ಲೋ.

ಹದಿಮೂರರ ಮಗ್ಗಿಗಿಂತ ಉಪ್ಪಿಟ್ಟು ಕಷ್ಟ ಅಂದ್ರೆ ಯಾರಾದರೂ ನಗುತ್ತಾರೆ. ಆದರೆ ನೋಡಿ, ಹಾಡು, ಮಗ್ಗಿ, ಎಣಿಕೆ ಇವೆಲ್ಲ ಬಾಯಿಪಾಠ. ಅವು ಡಬ್ಬಿಯಲ್ಲಿಟ್ಟ ಕಡಕ್ ರೊಟ್ಟಿ, ತೆಗೆದು ಕೊಟ್ಟರಾಯಿತು. ಮಾತು ಬಿಸಿ ರೊಟ್ಟಿ. ಪ್ರತಿ ಸಲ ಹಿಟ್ಟು ನಾದಿ, ತಟ್ಟಿ, ಬೇಯಿಸಿಯೇ ಕೊಡಬೇಕು. ನಿನ್ನೆ ಏನು ತಿಂದೆ ಅಂತ ನೆನಪಿಸಿಕೊಳ್ಳಬೇಕು, ಹೆಸರು ಹುಡುಕಬೇಕು, ವಾಕ್ಯ ಕಟ್ಟಬೇಕು. ತಲೆಯೊಳಗೆ ಇರುವುದು ಒಂದೇ ಒಲೆ. ಅದರ ಮೇಲೆ ಆಗಲೇ ಭೂಪ ಕುದಿಯುತ್ತಿದೆ.

ಆ ಟೆಸ್ಟಿನಲ್ಲಿ ಇನ್ನೊಂದು ವಿಷಯ ಗಮನಿಸಿದೆ. ಮಾತಾಡುವಾಗ ಬೆರಳು ನಿಂತುಬಿಡುತ್ತೆ ಅಂತ ನಾನು ತಿಳಿದಿದ್ದೆ. ಇಲ್ಲ, ಅದು ಮಾತಿನ ಹಿಂದೆ ಹೋಗುತ್ತೆ. "ಉಪ್ಪಿಟ್ಟು" ಅಂದಾಗ ಬೆರಳು ಪೇಟಿಯ ಮನೆಗಳ ಮೇಲೆ ಎರಡು ಸಲ ಎಳೆದು ಒಂದು ಸಲ ಚುಟುಕಾಗಿ ಒತ್ತಿತು. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು ಪ್ರಸ್ತಾರ ಹಾಕಿಸುತ್ತಿದ್ದದ್ದು ನೆನಪಾಯಿತು. ಒತ್ತಕ್ಷರದ ಹಿಂದಿನ ಅಕ್ಷರ ಗುರು. ಉ ಗುರು, ಪ್ಪಿ ಗುರು, ಟ್ಟು ಲಘು. ಗುರುವಿಗೆ ಎರಡು ಮಾತ್ರೆ, ಲಘುವಿಗೆ ಒಂದು. ಒಟ್ಟು ಐದು. ನಾನು ಹಿಡಿದಿದ್ದ ತಾಳ ಕೆಹರವಾ, ಅದಕ್ಕೆ ಎಂಟು ಮಾತ್ರೆ. ಎಂಟು ಮಾತ್ರೆಯ ಮನೆಗೆ ಐದು ಮಾತ್ರೆಯ ಉಪ್ಪಿಟ್ಟು ಹೇಳದೆ ಕೇಳದೆ ನುಗ್ಗಿದರೆ ಏನಾಗಬೇಕೋ ಅದೇ ಆಯಿತು. ಚಿತ್ರಾನ್ನ ತಿಂದಿದ್ದರೂ ಉಳಿಗಾಲವಿರಲಿಲ್ಲ, ಅದೂ ಐದೇ.

ನಾವಾಡುವ ಪ್ರತಿಯೊಂದು ಮಾತಿಗೂ ಅದರದೇ ಒಂದು ನಡೆ ಇದೆ, ಯಾರೂ ತಾಳ ಹಾಕಿ ನೋಡುವುದಿಲ್ಲ ಅಷ್ಟೆ. ಹಾಡಿನಲ್ಲಿ ಆ ನಡೆಯನ್ನು ಕವಿಯೋ ದಾಸರೋ ಮೊದಲೇ ತಾಳಕ್ಕೆ ಹೊಂದಿಸಿ ಇಟ್ಟಿರುತ್ತಾರೆ. ತಬಲಾದವರಂತೂ ಕೈಯಲ್ಲಿ ನುಡಿಸುವುದನ್ನೇ ಬಾಯಲ್ಲೂ ಹೇಳುತ್ತಾರೆ. ಧಾ ಗೆ ನ ತಿ, ನ ಕ ಧಿ ನ. ಅದಕ್ಕೆ ಬೋಲ್ ಅಂತಲೇ ಹೆಸರು, ಅಂದ್ರೆ ಮಾತು. ಬಾಯಿ, ಕೈ ಎರಡೂ ಒಂದೇ ದಾರಿಯಲ್ಲಿ ಜೋಡೆತ್ತಿನ ಹಾಗೆ ಹೋಗುತ್ತವೆ. ಒಂದೆತ್ತು ಹರಿಹರದ ಕಡೆ, ಒಂದೆತ್ತು ಜಗಳೂರಿನ ಕಡೆ ಎಳೆದರೆ ಗಾಡಿ ಹೋಗುವುದು ಹೇಗೆ?

ಇದನ್ನೆಲ್ಲ ಗೆಳೆಯನೊಬ್ಬನಿಗೆ ಹೇಳಿದರೆ, "ದೋಸೆ ಹಾಕೋರು ದಿನವಿಡೀ ಮಾತಾಡ್ತಾರಲ್ಲಪ್ಪ, ಅವರ ಕೈ ಕೆಡುತ್ತಾ?" ಅಂದ. ದಾವಣಗೆರೆಯಲ್ಲಿ ಯಾವ ವಾದವಾದರೂ ಕೊನೆಗೆ ಬೆಣ್ಣೆ ದೋಸೆಗೇ ಬಂದು ನಿಲ್ಲುತ್ತೆ. ಹೋಗಿ ನೋಡಿದೆ. ಸೌದೆ ಒಲೆ, ಕಾವಲಿ, ಪಕ್ಕದಲ್ಲಿ ಬೆಣ್ಣೆಯ ಮುದ್ದೆ. ದೋಸೆ ಹಾಕುವವನು ಸಪ್ಲೈಯರ್ ಹುಡುಗನ ಜೊತೆ ಕ್ರಿಕೆಟ್ ಮಾತಾಡುತ್ತಿದ್ದ. "ನಿನ್ನೆ ಆ ಬಾಲಿಗೆ ಅವನು..." ಅನ್ನುತ್ತಾ ಹಿಟ್ಟು ಸುರಿದ. ಸೌಟು ಮೂರು ಸುತ್ತು ಸುತ್ತಿತು. ಆಮೇಲೆ "...ಬ್ಯಾಟ್ ಎತ್ತಲೇಬಾರದಿತ್ತು ನೋಡು" ಅಂದ. ನಡುವೆ ಮಾತು ನಿಂತಿದ್ದು ಅವನಿಗೂ ಗೊತ್ತಿಲ್ಲ, ಕೇಳುತ್ತಿದ್ದ ಹುಡುಗನಿಗೂ ಗೊತ್ತಿಲ್ಲ. ಬೆಣ್ಣೆ ಹಾಕುವಾಗ ಮತ್ತೆ ಧಾರಾಳ ಮಾತು, ಆಗ ಕೈ ಒಂದು ಕ್ಷಣ ತಡೆದರೂ ನಡೆಯುತ್ತೆ. ದೋಸೆ ಕಾಯುತ್ತೆ, ತಾಳ ಕಾಯಲ್ಲ. ನಾಲ್ಕು ದೋಸೆ ತಿಂದು ಈ ತೀರ್ಮಾನಕ್ಕೆ ಬಂದೆ. ಎರಡಕ್ಕೇ ಬರಬಹುದಿತ್ತು.

ಚಿತ್ರದುರ್ಗಕ್ಕೆ ಹೈವೇಯಲ್ಲಿ 60 ಕಿಲೋಮೀಟರ್ ಕಾರು ಓಡಿಸುವಾಗಲೂ ಇದೇ ಕಥೆ. ಲಾರಿ ಹಿಂದೆ ಹಾಕುವಾಗ ಎಂಥ ವಾಚಾಳಿಯೂ ಬಾಯಿ ಮುಚ್ಚುತ್ತಾನೆ.

ದುರ್ಗಕ್ಕೆ ಹೋದಾಗ ಕೋಟೆ ಹತ್ತದೆ ಬರುವುದುಂಟೇ. ಒನಕೆ ಓಬವ್ವನ ಕಿಂಡಿಯ ಹತ್ತಿರ ಗೈಡ್ ಎಂದಿನ ಕಥೆ ಹೇಳುತ್ತಿದ್ದ. ಕಾವಲಿನ ಗಂಡ ಊಟಕ್ಕೆ ಬಂದಿದ್ದ, ಓಬವ್ವ ನೀರಿಗೆ ಹೋದಳು, ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳುವುದನ್ನು ಕಂಡಳು, ಒನಕೆ ಎತ್ತಿದಳು. ಆ ಗಂಡನ ಹೆಸರು ಕಹಳೆ ಮುದ್ದಹನುಮ ಅನ್ನುತ್ತಾರೆ. ಎಷ್ಟೋ ಸಲ ಕೇಳಿದ ಕಥೆ. ಈ ಸಲ ಮಾತ್ರ ನನಗೆ ಆ ಕಹಳೆಯೇ ಕಿವಿಗೆ ಬಿತ್ತು. ಊದುವವರಿಗೆ ನಮ್ಮ ಹಾಗೆ ತಾಪತ್ರಯವಿಲ್ಲ. ಬಾಯಿ ವಾದ್ಯದ ಪಾಲು, ಮಾತಿನ ಪ್ರಶ್ನೆಯೇ ಬರುವುದಿಲ್ಲ. ಮದುವೆ ಮನೆಯ ವಾಲಗದವರು ಲೋಕದ ವ್ಯವಹಾರವನ್ನೆಲ್ಲ ಹುಬ್ಬಿನಲ್ಲೇ ಮುಗಿಸುತ್ತಾರೆ. ಗಟ್ಟಿಮೇಳ ಅಂತ ಕೂಗಿದರೆ ಹುಬ್ಬು ಏರುತ್ತೆ, ಡೋಲಿನವನು ಅರ್ಥಮಾಡಿಕೊಳ್ಳುತ್ತಾನೆ. ಆದರೆ ಆ ಮಧ್ಯಾಹ್ನ ದುರ್ಗದಲ್ಲಿ ಕಹಳೆಯವನ ಬಾಯಲ್ಲಿ ತುತ್ತಿತ್ತು. ಊದಲಿಕ್ಕೂ ಇಲ್ಲ, ಮಾತಿಗೂ ಇಲ್ಲ. ಓಬವ್ವ ಅವನನ್ನು ಕರೆಯದೇ ಇದ್ದದ್ದೇ ಒಳ್ಳೆಯದಾಯಿತು.

ನಮ್ಮ ಪೇಟಿ ಮಾಸ್ತರು ಮಾತ್ರ ನನ್ನ ಸಿದ್ಧಾಂತಕ್ಕೆ ಬಗ್ಗುವವರಲ್ಲ. ಕೆ.ಬಿ.ಆರ್. ಡ್ರಾಮಾ ಕಂಪನಿಯಂಥ ಹೆಸರಾದ ಕಂಪನಿಯ ಊರು ನಮ್ಮದು. ಇವರೂ ವಯಸ್ಸಿನಲ್ಲಿ ಯಾವುದೋ ನಾಟಕ ಕಂಪನಿಯ ಜೊತೆ ಊರೂರು ತಿರುಗಿ ಕಾಲುಪೇಟಿ ತುಳಿದವರು. ಪಾತ್ರಧಾರಿ ಹಾಡಿನ ನಡುವೆ ಸಾಲು ಮರೆತರೆ, ನುಡಿಸುತ್ತಲೇ ಅದೇ ಧಾಟಿಯಲ್ಲಿ ಮುಂದಿನ ಪದ ಎತ್ತಿಕೊಡುತ್ತಿದ್ದರಂತೆ. ಈಗ ಚೌಕಿಪೇಟೆಯ ಒಂದು ಮಾಳಿಗೆ ಕೋಣೆಯಲ್ಲಿ ಪಾಠ. ಅವರು ನುಡಿಸುತ್ತಲೇ ಬಯ್ಯುತ್ತಾರೆ. "ಅದು ಕೋಮಲ ಅಲ್ಲಲೇ, ಶುದ್ಧ! ಕಿವಿ ಎಲ್ಲಿ ಇಟ್ಟು ಬಂದಿ?" ಕೈ ಒಂದಿಷ್ಟೂ ಅಲುಗುವುದಿಲ್ಲ. ಒಂದು ದಿನ ಧೈರ್ಯ ಮಾಡಿ ಕೇಳಿದೆ, "ಮಾಸ್ತರ್, ನೀವು ಹೆಂಗೆ ಮಾತಾಡ್ತೀರಿ?"

"ನಾನೆಲ್ಲಿ ಮಾತಾಡ್ತೀನಪ್ಪ, ಬಯ್ತೀನಿ. ಬೈಗುಳ ನಂಗೆ ಬಾಯಿಪಾಠ ಐತೆ."

ಐವತ್ತು ವರ್ಷ ನುಡಿಸಿದ ಕೈ ಅದು. ಕೆಲಸ ಪಳಗಿದಷ್ಟೂ ಕೈಗೆ ತಲೆಯ ಮೇಸ್ತ್ರಿಕೆ ಕಡಿಮೆ ಸಾಕು, ಅದರ ಜವಾಬ್ದಾರಿಯನ್ನು ಹೆಚ್ಚಾಗಿ ಕಿರುಮೆದುಳು ಮತ್ತು ಮಿದುಳಿನ ಆಳದಲ್ಲಿರುವ ಭಾಗಗಳು ನೋಡಿಕೊಳ್ಳುತ್ತವೆ. ಹಾಗಾಗಿ ಅವರ ಒಲೆ ಸ್ವಲ್ಪ ಖಾಲಿ ಇರುತ್ತೆ. ಆದರೂ ನಾನು ಬಿಡಲಿಲ್ಲ. "ಈ ಸಲ ನನ್ನ ಫೀಸು ಎಷ್ಟು ತಿಂಗಳದ್ದು ಬಾಕಿ, ಮಾಸ್ತರ್?" ಅಂದೆ. ಪೇಟಿ ಗಕ್ಕನೆ ನಿಂತಿತು. ಅವರು ಬೆರಳು ಮಡಿಚಿ ಎಣಿಸತೊಡಗಿದರು. ಗೆದ್ದೆ ಅಂತ ಖುಷಿಪಟ್ಟೆ. ಮೂರು ತಿಂಗಳದ್ದು ಕೊಟ್ಟು ಬಂದೆ.

ಬೈಗುಳದ ಬಗ್ಗೆ ಮಾಸ್ತರು ಹೇಳಿದ್ದು ಬರೀ ಚಟಾಕಿಯಲ್ಲ. ಪಾಲ್ ಬ್ರೋಕಾ ಅಂತ ಫ್ರಾನ್ಸಿನ ವೈದ್ಯ. 1861ರಲ್ಲಿ ಅವನ ಹತ್ತಿರ ಬಂದ ಒಬ್ಬ ರೋಗಿ ಎಷ್ಟೋ ವರ್ಷಗಳಿಂದ ಒಂದೇ ಶಬ್ದ ಆಡುತ್ತಿದ್ದ: "ತಾನ್." ಏನು ಕೇಳಿದರೂ ತಾನ್, ತಾನ್. ನಮ್ಮ ಕಡೆ ಹುಟ್ಟಿದ್ದರೆ ದೊಡ್ಡ ಗವಾಯಿ ಅನ್ನುತ್ತಿದ್ದೆವೋ ಏನೋ. ಆದರೆ ಸಿಟ್ಟು ನೆತ್ತಿಗೇರಿದಾಗ ಒಂದು ಬೈಗುಳ ಮಾತ್ರ ಪೂರ್ತಿಯಾಗಿ ಹೊರಬರುತ್ತಿತ್ತಂತೆ. ಅವನು ಸತ್ತ ಮೇಲೆ ಬ್ರೋಕಾ ಮಿದುಳು ನೋಡಿದ. ಎಡಭಾಗದ ಮುಂದಿನ ಒಂದು ಜಾಗ ಕೆಟ್ಟಿತ್ತು. ಆ ಜಾಗಕ್ಕೆ ಈಗಲೂ ಬ್ರೋಕಾನದೇ ಹೆಸರು. ಮಾತು ಕಟ್ಟುವ ಕೆಲಸ ಅಲ್ಲಿ ನಡೆಯುತ್ತೆ. ಯಾವ ಸ್ವರದ ಹಿಂದೆ ಯಾವುದು ಬರಬೇಕು ಅನ್ನುವ ಲೆಕ್ಕದಲ್ಲೂ ಅದರ ಕೈವಾಡ ಇದೆ ಅಂತ ಆಮೇಲಿನವರು ಕಂಡುಕೊಂಡರು. ನಾನು ಒಂದೇ ಒಲೆ ಅಂದದ್ದು ತೀರಾ ಸುಳ್ಳಲ್ಲ.

ಇದನ್ನು ಓದಿದಾಗ ನಮ್ಮ ಭಜನೆ ಮಂಡಳಿಯ ಅಜ್ಜ ನೆನಪಾದರು. ಲಕ್ವ ಹೊಡೆದು ಅವರ ಮಾತು ಹೋಗಿತ್ತು. ಉಳಿದದ್ದು "ಅದು" ಅನ್ನುವ ಒಂದೇ ಮಾತು. ನೀರಿಗೂ ಅದು, ಮೊಮ್ಮಗಳಿಗೂ ಅದು, ನೋವಿಗೂ ಅದು. ಒಂದು ಸೋಮವಾರ ಮನೆಯವರು ಕುರ್ಚಿ ಸಮೇತ ಎತ್ತಿಕೊಂಡು ಬಂದು ಗುಡಿಯಲ್ಲಿ ಕೂರಿಸಿದರು. ನಾನು ಪೇಟಿಯಲ್ಲಿ ಶ್ರುತಿ ಹಿಡಿದೆ, ಅವರಿಗೆ ಇಷ್ಟವಾದ ಪದ ಶುರುವಾಯಿತು. ಎರಡನೆಯ ಸಾಲಿಗೆ ಹಿಂದಿನಿಂದ ಒಂದು ಒಡಕು ದನಿ ಸೇರಿಕೊಂಡಿತು. ತಿರುಗಿ ನೋಡಿದರೆ ಅಜ್ಜ. ಪಲ್ಲವಿ, ನುಡಿ, ಅಂಕಿತ, ಒಂದೂ ಬಿಡದೆ ಹಾಡಿದರು. ಬಲಗೈ ತೊಡೆಯ ಮೇಲೆ ಸತ್ತಂತೆ ಬಿದ್ದಿತ್ತು, ಎಡಗೈಯಲ್ಲಿ ತಾಳ. ಅವರ ಸೊಸೆ ಸೆರಗು ಬಾಯಿಗೆ ಒತ್ತಿಕೊಂಡಳು. ಇಂಥವರಿಗೆ ಹಾಡಿನ ಧಾಟಿಯಲ್ಲೇ ಮಾತು ಕಲಿಸುವ ಚಿಕಿತ್ಸೆಯನ್ನು ಅಮೆರಿಕದ ವೈದ್ಯರು 1973ರಲ್ಲೇ ಪ್ರಕಟಿಸಿದ್ದರು ಅನ್ನುವುದು ನನಗೆ ಆಮೇಲೆ ತಿಳಿದದ್ದು. ಆವತ್ತು ಮಂಗಳಾರತಿ ಮುಗಿದ ಮೇಲೆ ಯಾರೋ ಆಸೆಯಿಂದ ಕೇಳಿದರು, "ಅಜ್ಜಾ, ಚಾ ಕುಡೀತೀರಾ?"

"ಅದು" ಅಂದರು ಅಜ್ಜ.

ಮನೆಯಲ್ಲಿ ಈಗ ಒಂದು ಒಪ್ಪಂದವಾಗಿದೆ. ಪೇಟಿ ಮುಂದೆ ಕೂತಾಗ ನನ್ನನ್ನು ಯಾರೂ ಮಾತಾಡಿಸುವ ಹಾಗಿಲ್ಲ. ಹೆಂಡತಿ ಬಾಗಿಲಲ್ಲಿ ನಿಂತು ಬೆರಳು ತೋರಿಸುತ್ತಾಳೆ, ನಾನು ತಲೆ ಆಡಿಸಬೇಕು. ಮಾತಿಲ್ಲ, ಮಾತ್ರೆಯ ತಕರಾರಿಲ್ಲ. ಮೊದಲ ದಿನ ಆಕೆ ತಮಾಷೆಗೆ ಐದೂ ಬೆರಳು ಎತ್ತಿ ನಿಂತಳು. ನನ್ನ ತಲೆ ಆಗಲೇ ಕೆಹರವಾಕ್ಕೆ ತಕ್ಕ ಹಾಗೆ ಆಡುತ್ತಿತ್ತು.

ಆ ದಿನವೂ ಐದು ಪ್ಯಾಕೆಟ್ ಬಂತು.