ಫೈಬರ್ ದೋಣಿಗೆ ತುಕ್ಕು ಬಳಿಯಬೇಡಿ

ತಮಿಯಾ ಕಂಪನಿಯ 1/35 ಅಳತೆಯ ಪ್ಲಾಸ್ಟಿಕ್ ಮಾದರಿ, ಪಿಬಿಆರ್ ಎಂಬ ಅಮೆರಿಕದ ನದಿ ಗಸ್ತು ದೋಣಿ ಕಟ್ಟುವವರಲ್ಲಿ ಬಹಳ ಜನ ಅಷ್ಟೆಲ್ಲ ಕಷ್ಟಪಟ್ಟು ಜೋಡಿಸಿ, ಕೊನೆಗೆ ಒಡಲಿನ ಉದ್ದಕ್ಕೂ ಕಂದು ತುಕ್ಕಿನ ಗೆರೆ ಇಳಿಸಿಬಿಡುತ್ತಾರೆ. ನೋಡಿದರೆ ಸಂಕಟವಾಗುತ್ತದೆ. ವಿಯೆಟ್ನಾಂ ಯುದ್ಧದಲ್ಲಿ ಮೆಕಾಂಗ್ ಮುಖಜ ಭೂಮಿಯ ಕಾಲುವೆಗಳಲ್ಲಿ ಓಡಾಡಿದ ಈ ದೋಣಿಯ ಒಡಲು ಫೈಬರ್‌ಗ್ಲಾಸಿನದು. ಅದಕ್ಕೆಲ್ಲಿಯ ತುಕ್ಕು?

ಫೈಬರ್ ಹೇಗೆ ಹಳತಾಗುತ್ತದೆ ಎಂದು ತಿಳಿಯಲು ಕಾರವಾರದವರು ಬೈತಖೋಲ ಬಂದರಿಗೆ ಹೋದರೆ ಸಾಕು. ದಡಕ್ಕೆಳೆದ ದೋಣಿಯ ಬಣ್ಣ ಬಿಸಿಲಿಗೆ ಬಿಳಿಚಿಕೊಂಡಿರುತ್ತದೆ, ಸವರಿದರೆ ಸುಣ್ಣದ ಪುಡಿಯಂತೆ ಬೆರಳಿಗೆ ಹತ್ತುತ್ತದೆ. ಮರಳಿಗೆ ಉಜ್ಜಿದ ಕಡೆ ಉದ್ದುದ್ದ ಗೀರು, ನೀರಿನ ಮಟ್ಟದಲ್ಲಿ ಪಾಚಿಯ ಪಟ್ಟಿ. ತುಕ್ಕು ಇಳಿದಿರುವುದು ಕಬ್ಬಿಣದ ಬೋಲ್ಟು, ಕೊಂಡಿಗಳ ಕೆಳಗೆ ಮಾತ್ರ, ಅದೂ ಎಳೆಯಷ್ಟು. ಮಾದರಿಗೂ ಅಷ್ಟೇ ಸಾಕು. ಟ್ಯಾಗೋರ್ ಕಡಲತೀರದಲ್ಲಿ ನಿಲ್ಲಿಸಿರುವ ಚಾಪೆಲ್ ಯುದ್ಧನೌಕೆಯಂಥ ಉಕ್ಕಿನ ಒಡಲಿನ ನೌಕೆ ಕಟ್ಟುವುದಾದರೆ ಮಾತು ಬೇರೆ.

ಜೋಡಣೆಗೆ ಬಂದರೆ, 32 ಅಡಿಯ ದೋಣಿ ಈ ಅಳತೆಯಲ್ಲಿ ಸುಮಾರು 28 ಸೆಂ.ಮೀ. ಬಿಡಿಭಾಗಗಳನ್ನು ಮೊದಲು ಪಾತ್ರೆ ಸೋಪಿನಲ್ಲಿ ತೊಳೆಯಿರಿ. ಅಚ್ಚಿನ ಜಿಡ್ಡು ಉಳಿದರೆ ಬಣ್ಣ ಸಿಪ್ಪೆ ಏಳುತ್ತದೆ. ಡೆಕ್ ಕೂರಿಸುವಾಗ ಸುತ್ತಲೂ ಒಟ್ಟಿಗೇ ಅಂಟು ಹಾಕಬೇಡಿ. ಮುಂತುದಿಯಿಂದ ಶುರು ಮಾಡಿ ಎರಡೆರಡು ಇಂಚು ಟೇಪ್ ಬಿಗಿಯುತ್ತ, ತೆಳು ಸಿಮೆಂಟ್ (ಪ್ಲಾಸ್ಟಿಕ್ ಬೆಸೆಯುವ ನೀರಾದ ಅಂಟು) ಹರಿಸುತ್ತ ಹೋಗಿ. ಒಂದಿಡೀ ದಿನ ಮುಟ್ಟಬೇಡಿ. ಸಂದಿಗೆ ಪುಟ್ಟಿ ತುಂಬಿ, ಒಣಗಿದ ಮೇಲೆ 400, 600, 1000ರ ಉಪ್ಪುಕಾಗದದಿಂದ ನೀರು ಹಾಕಿ ಉಜ್ಜಿ. ಹಿಂಭಾಗದಲ್ಲಿ ಪ್ರೊಪೆಲ್ಲರ್ ಇಲ್ಲವೆಂದು ಭಾಗಗಳನ್ನು ಹುಡುಕುತ್ತ ಕೂರಬೇಡಿ. ಇದು ನೀರಿನ ಜೆಟ್‌ನಿಂದ ಓಡುವ ದೋಣಿ, ಜೆಟ್ಟಿನ ನಳಿಕೆ ತಿರುಗಿಸಿಯೇ ದಿಕ್ಕು ಬದಲಿಸುವುದು. ನಳಿಕೆಯೊಳಗೆ ಕಪ್ಪು ಬಳಿದರೆ ಆಳ ಕಾಣುತ್ತದೆ. ಮೆಷಿನ್‌ಗನ್ನಿನ ಬಾಯಿಗೆ 0.4 ಮಿ.ಮೀ. ಡ್ರಿಲ್, ಆಂಟೆನಾಗೆ ಹಿತ್ತಾಳೆ ತಂತಿ.

ನಮ್ಮ ಕರಾವಳಿಯಲ್ಲಿ ಕೆಲಸ ಕೆಡುವುದು ಹೆಚ್ಚಾಗಿ ಬಣ್ಣದ ಹಂತದಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಲ್ಯಾಕರ್ ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೇ ಕೂರುತ್ತದೆ; ಹಸಿರು ಬಣ್ಣ ಮಂಜು ಮುಸುಕಿದಂತೆ ಬೆಳ್ಳಗಾಗುತ್ತದೆ. ಆರುವುದನ್ನು ನಿಧಾನಿಸುವ ರಿಟಾರ್ಡರ್ ಬೆರೆತ ಥಿನ್ನರ್ ಬಳಸಿ, ತೆಳ್ಳಗೆ ಹೊಡೆಯಿರಿ, ಬಣ್ಣ ಸಿಂಪಡಿಸುವ ಕಂಪ್ರೆಸರಿನ ವಾಟರ್ ಟ್ರ್ಯಾಪ್‌ನಲ್ಲಿ (ಗಾಳಿಯ ತೇವ ಹಿಡಿಯುವ ಬಟ್ಟಲು) ನಿಂತ ನೀರನ್ನು ಪ್ರತಿ ಸಲ ಬಸಿಯಿರಿ. ಮ್ಯಾಟ್ ವಾರ್ನಿಷ್ ಮಾತ್ರ ಮಳೆ ಹೊಳವಾದ ದಿನಕ್ಕೇ ಇಟ್ಟುಕೊಳ್ಳಿ. ಅದು ಒಮ್ಮೆ ಬೆಳ್ಳಗಾದರೆ ಕೆಳಗೆ ಅಂಟಿಸಿದ ಅಂಕಿ, ಗುರುತುಗಳ ಡೆಕಾಲನ್ನೂ ಮುಚ್ಚಿಹಾಕುತ್ತದೆ.